ಟೈಮರ್ ಮ್ಯಾಲೆ ಡಿಎಸ್‌ಎಲ್‌ಆರ್ ತಿರುಗೂದಿಲ್ಲ ಅಂದೀರಲ್ಲ, ಅದಕ್ಕ

ಗೋಳಗುಮ್ಮಟದ ಸಂಜಿ ಟೈಮ್‌ಲ್ಯಾಪ್ಸ್‌ಗೆ (ಬಿಟ್ಟು ಬಿಟ್ಟು ಹೊಡದ ಫೋಟೋ ಕೂಡಿಸಿ ಮಾಡೋ ವಿಡಿಯೋ) ಕ್ಯಾಮೆರಾ ನಿಧಾನ ತಿರುಗಲಿ ಅಂತ ಕೀಲಿ ಕೊಡೋ ಕಿಚನ್ ಟೈಮರ್ ಮ್ಯಾಲೆ ಡಿಎಸ್‌ಎಲ್‌ಆರ್ (ದೊಡ್ಡ ಕ್ಯಾಮೆರಾ) ಇಟ್ರ ನಡುವ ಯಾಕ ನಿಲ್ತದ ಅಂತ ಕೇಳೀರಿ. ಅದರ ಸ್ಪ್ರಿಂಗಿಗೆ ಅಷ್ಟು ತೂಕ ತಡಿಯೂದಿಲ್ರಿ, ಮೊಬೈಲ್ ಇಡ್ರಿ, ತೂಕ ಬರೋಬ್ಬರಿ ನಡುವ ಬರ್ಲಿ. ನಾ ಕ್ಯಾಮೆರಾ ಹಿಡಿಯೋ ಕಾಲಿಂಚಿನ ಬೋಲ್ಟ್ ಟೈಮರ್ ಮ್ಯಾಲೆ ಎಂ-ಸೀಲ್ ಅಂಟಿನಾಗ ಕೂಡಿಸಿದಾಗ ಒಂದ್ ಕೂದಲೆಳಿ ಸೊಟ್ಟ ಆಗಿತ್ತು, ವಿಡಿಯೋದಾಗ ಗುಮ್ಮಟನ ವಾಲಿಕೋತ ಹೊಂಟಂಗ ಕಾಣ್ತಿತ್ತು, ಅದಕ್ಕ ಒಣಗೂಕಿಂತ ಮೊದ್ಲ ತೂಗುಗುಂಡು ಹಿಡದು ಬೋಲ್ಟ್ ನೆಟ್ಟಗೈತೇನು ನೋಡ್ರಿ. ಟೈಮರ್ 60 ನಿಮಿಷಕ್ಕ ಒಂದು ಸುತ್ತು, ಅಂದ್ರ ನಿಮಿಷಕ್ಕ 6 ಡಿಗ್ರಿ, 5 ಸೆಕೆಂಡಿಗೊಂದು ಫೋಟೋ ಹೊಡದ್ರ 15 ನಿಮಿಷಕ್ಕ 90 ಡಿಗ್ರಿ, 180 ಫೋಟೋ, ಸೆಕೆಂಡಿಗೆ 25 ಫ್ರೇಮಿನಾಗ (ಅಂದ್ರ 25 ಫೋಟೋ) ಸುಮಾರು 7 ಸೆಕೆಂಡ್ ವಿಡಿಯೋ. ಕೀಲಿ ಪೂರ್ತಿ ಕೊಟ್ಟು ಒಂದೆರಡು ನಿಮಿಷ ಬಿಟ್ಟು ಚಾಲೂ ಮಾಡ್ರಿ, ಸುರುವಿಗೆ ಒಳಗಿನ ಗೇರಿನ ಹಲ್ಲು ಸಡಿಲ ಇರ್ತಾವ. ಡಿಎಸ್‌ಎಲ್‌ಆರೇ ಬೇಕಂದ್ರ ಗೇರ್ ಇರೋ ಸ್ಟೆಪ್ಪರ್ ಮೋಟಾರ್ (ಹೆಜ್ಜಿ ಹೆಜ್ಜಿಗೆ ತಿರುಗೋ ಮೋಟಾರ್), ಅದನ್ನ ನಡಸಾಕ ಆರ್ಡುಯಿನೋ ಅನ್ನೋ ಸಣ್ಣ ಕಂಟ್ರೋಲ್ ಬೋರ್ಡ್ ಹಚ್ರಿ, ಆದ್ರ ತೂಕ ಬೇರಿಂಗ್ ಹೊರಬೇಕು, ಮೋಟಾರ್ ಬರೀ ತಿರುಗಸಬೇಕು.