ಓದುಗರ ಪ್ರಶ್ನೆ, ನಮ್ಮ ಉತ್ತರ: ಫ್ರಾನ್ಸ್ ಹಳ್ಳಿಗೆ ಹೋದ್ರೆ ರಾತ್ರಿ ಅಲ್ಲೇ ಉಳ್ಕೊಳ್ಳಿ

ಪ್ರಶ್ನೆ: ನಾವು ಗಂಡ ಹೆಂಡ್ತಿ ಇಬ್ರೂ ಐವತ್ತೈದು ದಾಟಿದವ್ರು. ಮೇ ಕೊನೇಲಿ ಫ್ರಾನ್ಸ್‌ಗೆ ಹೊರಟಿದ್ದೀವಿ, ಪ್ಯಾರಿಸ್ ಮುಗಿಸ್ಕೊಂಡು ಆರು ದಿನ ಹಳ್ಳಿ ಕಡೆ ಇರೋಣ ಅಂತ. ಟೂರ್‌ನವ್ರು ಕಾರಲ್ಲಿ ಹದಿನಾಲ್ಕು ಹಳೇ ಹಳ್ಳಿ ತೋರಿಸ್ತೀವಿ ಅಂತ ಪಟ್ಟಿ ಕೊಟ್ಟಿದ್ದಾರೆ. ನಮಗೆ ಸ್ವಲ್ಪ ನಡೆಯೋ ಆಸೆನೂ ಇದೆ. ಏನ್ ಮಾಡೋದು?

ಉತ್ತರ: ದಯವಿಟ್ಟು ಆ ಪಟ್ಟಿ ಪಕ್ಕಕ್ಕಿಡಿ ಸಾರ್. ಹದಿನಾಲ್ಕು ಹಳ್ಳಿ ನೋಡಿದ್ರೆ ನೆನಪಲ್ಲಿ ಉಳಿಯೋದು ಹದಿನಾಲ್ಕು ಪಾರ್ಕಿಂಗ್ ಜಾಗ ಅಷ್ಟೆ. ಇಂಥ ಪಟ್ಟಿಗಳೆಲ್ಲಾ ಸಾಮಾನ್ಯವಾಗಿ 'ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು' ಅನ್ನೋ ಸಂಘದ ಪಟ್ಟಿಯಿಂದ ತಗೊಂಡಿದ್ದೇ ಇರುತ್ತೆ. ಕೊಲೋಂಜ್-ಲಾ-ರೂಜ್ ಅಂತ ಪೂರ್ತಿ ಕೆಂಪು ಕಲ್ಲಿನ ಒಂದು ಊರಿದೆ, ಅಲ್ಲಿನ ಮೇಯರ್ ಶಾರ್ಲ್ ಸೇರಾಕ್ 1982ರಲ್ಲಿ ಶುರು ಮಾಡಿದ್ದು ಅದು. ಸೇರಬೇಕಂದ್ರೆ ಊರಿನ ಜನಸಂಖ್ಯೆ 2,000 ಮೀರಬಾರದು, ಸರ್ಕಾರದ ರಕ್ಷಣೆಯಲ್ಲಿರೋ ಸ್ಮಾರಕ ಅಥವಾ ಜಾಗ ಕನಿಷ್ಠ ಎರಡಾದ್ರೂ ಇರಬೇಕು. ಅಷ್ಟು ಚಿಕ್ಕ ಊರಿಗೆ ಬೆಳಗ್ಗೆ ಹನ್ನೊಂದಕ್ಕೆ ಬಸ್ಸುಗಳು ಸಾಲಾಗಿ ಬಂದು ನಿಂತ್ರೆ ಊರು ಕಾಣೋದೇ ಇಲ್ಲ, ಜನರ ಬೆನ್ನು ಕಾಣುತ್ತೆ. ಸಂಜೆ ಆರರ ಮೇಲೆ, ಮತ್ತೆ ಬೆಳಗ್ಗೆ ಒಂಬತ್ತರ ಒಳಗೆ, ಆಗ ಊರು ಊರಿನವರದ್ದಾಗಿರುತ್ತೆ. ಅದಕ್ಕೇ ನಾನು ಯಾರೇ ಕೇಳಲಿ ಹೇಳೋದು ಒಂದೇ, ಕಮ್ಮಿ ಊರು ನೋಡಿ ಆದ್ರೆ ನಡ್ಕೊಂಡು ಹೋಗಿ, ರಾತ್ರಿ ಅಲ್ಲೇ ಮಲಗಿ.

ನಿಮಗೆ ಸರಿಹೋಗೋ ದಾರಿ ಹೇಳ್ತೀನಿ. ಪ್ಯಾರಿಸ್ಸಿನ ಆಸ್ಟರ್ಲಿಟ್ಸ್ ಸ್ಟೇಷನ್ನಿಂದ ರೊಡೆಜ್‌ಗೆ ರಾತ್ರಿ ರೈಲಿದೆ, ಅಲ್ಲಿಂದ ಎಸ್ಪಾಲಿಯೋಂ ಕಡೆ ಬಸ್ಸಿಗೆ ಬಂದು ಸೇಂ-ಕೋಮ್-ದೋಲ್ತ್ ಅನ್ನೋ ಊರಿಂದ ನಡಿಗೆ ಶುರು ಮಾಡಿ. ಇದು ಫ್ರಾನ್ಸಿನ ಲೆ ಪುಯಿ ಅನ್ನೋ ಊರಿಂದ ಸ್ಪೇನಿನ ಸಾಂತಿಯಾಗೋಗೆ ಹೋಗೋ ಹಳೇ ಯಾತ್ರಿಕರ ದಾರಿ, ಈಗ ಜಿ.ಆರ್. 65 ಅಂತ ಕರೀತಾರೆ. ಸೇಂ-ಕೋಮ್‌ನಿಂದ ಲೋತ್ ನದಿ ಪಕ್ಕ ಎಸ್ತೇಂ, ಮಾರನೇ ದಿನ ಗೋಲಿನ್ಯಾಕ್, ಮೂರನೇ ದಿನ ಕೋಂಕ್, ಒಟ್ಟು ಸುಮಾರು 55 ಕಿ.ಮೀ. ಸೇಂ-ಕೋಮ್‌ನ ಚರ್ಚ್ ಗೋಪುರ ತಿರುಚಿದ ಹಾಗಿದೆ, ಯಾರೋ ಒದ್ದೆ ಬಟ್ಟೆ ಹಿಂಡಿ ನಿಲ್ಲಿಸಿದ್ದಾರೇನೋ ಅನ್ಸುತ್ತೆ. ಎಸ್ತೇಂ ಬಿಟ್ಟ ಮೇಲೆ ಏರು ಜೋರಾಗಿದೆ, ಕೋಂಕ್‌ಗೆ ಇಳಿಯೋ ಕೊನೇ ದಾರಿನೂ ಕಡಿದಾಗಿದೆ, ಕಲ್ಲು ಜಾಸ್ತಿ, ಮಂಡಿ ನೋವಿರೋರು ಊರುಗೋಲು ಮರೀಬೇಡಿ. ಬ್ಯಾಗನ್ನ ಮುಂದಿನ ಊರಿಗೆ ವ್ಯಾನಲ್ಲಿ ಕಳಿಸೋ ವ್ಯವಸ್ಥೆ ಈ ದಾರಿಯಲ್ಲಿದೆ, ಬೆನ್ನ ಮೇಲೆ ನೀರು, ಮಳೆ ಕೋಟು ಇದ್ರೆ ಸಾಕು.

ಮಿಕ್ಕ ದಿನ ಕೋಂಕ್‌ನಲ್ಲೇ ಇರಿ, ಎರಡು ರಾತ್ರಿ ಆದ್ರೂ. ಸೇಂಟ್ ಫಾಯ್ ಅನ್ನೋ ಸಂತ ಹುಡುಗಿಯ ಅವಶೇಷಗಳನ್ನ ಇಲ್ಲಿನ ಸನ್ಯಾಸಿಗಳು 9ನೇ ಶತಮಾನದಲ್ಲಿ ಆಜೆನ್ ಊರಿಂದ ಕದ್ದು ತಂದ್ರು, ಆಮೇಲೇ ಇಲ್ಲಿಗೆ ಯಾತ್ರಿಕರು ಬರೋಕೆ ಶುರು ಆಗಿದ್ದು. ಚರ್ಚ್ ಬಾಗಿಲ ಮೇಲೆ 12ನೇ ಶತಮಾನದ ಶಿಲ್ಪ ಇದೆ, ಕೊನೇ ತೀರ್ಪಿನ ದಿನದ್ದು, ನೂರಕ್ಕೂ ಹೆಚ್ಚು ಆಕೃತಿಗಳು, ಅಲ್ಲಲ್ಲಿ ಹಳೇ ಬಣ್ಣ ಇನ್ನೂ ಉಳಿದಿದೆ. ಎಲ್ರೂ ನರಕದ ಕಡೆನೇ ಫೋಟೋ ಹೊಡೀತಾರೆ. ನೀವು ಸ್ವರ್ಗದ ಕಡೆ ನೋಡಿ, ದೇವರ ಕೈ ಮುಂದೆ ಆ ಹುಡುಗಿ ಫಾಯ್ ಬಾಗಿ ನಮಸ್ಕಾರ ಮಾಡ್ತಿದ್ದಾಳೆ, ಅವಳ ಹಿಂದೆ ಕಮಾನಿಗೆ ಬೇಡಿಗಳು ನೇತಾಡ್ತಿವೆ. ಅವಳನ್ನ ಬೇಡ್ಕೊಂಡು ಬಿಡುಗಡೆ ಆದ ಕೈದಿಗಳು ತಂದು ಒಪ್ಪಿಸಿದ ಹರಕೆ ಅದು. ಆಮೇಲೆ ಕಮಾನಿನ ಅಂಚು ನೋಡಿ, ಪುಟ್ಟ ಪುಟ್ಟ ಮುಖಗಳು ಅಂಚನ್ನ ಎರಡೂ ಕೈಲಿ ಹಿಡ್ಕೊಂಡು ಇಣುಕ್ತಾ ಇವೆ, ಕಾಂಪೌಂಡ್ ಗೋಡೆ ಆಚೆಯಿಂದ ಮಕ್ಕಳು ಇಣುಕೋ ಹಾಗೇ. ನನಗೆ ಮೊದಲನೇ ದಿನ ಇವು ಕಾಣಲೇ ಇಲ್ಲ, ಎರಡನೇ ದಿನ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕಂಡ್ವು, ಕಣ್ಣು ತುಂಬಿ ಬಂತು. ಒಳಗಡೆ ಕಿಟಕಿ ಗಾಜು ಪಿಯೆರ್ ಸೂಲಾಜ್ ಅನ್ನೋ ಚಿತ್ರಕಲಾವಿದ ಮಾಡಿದ್ದು, 1994ರದ್ದು, ಬಣ್ಣವೇ ಇಲ್ಲದ ಗಾಜು, ಹೊತ್ತು ಸರಿದ ಹಾಗೆ ಬೆಳಕು ಬೇರೆ ಬೇರೆ ಆಗ್ತಾ ಹೋಗುತ್ತೆ.

ಪ್ರಶ್ನೆ: ಫ್ರೆಂಚ್ ಬರಲ್ಲ, ಕಾಡುದಾರಿಯಲ್ಲಿ ತಪ್ಪಿಸ್ಕೊಂಡ್ರೆ ಗತಿ ಏನು?

ಉತ್ತರ: ಗುರುತು ಕಲ್ತ್ರೆ ಭಾಷೆ ಅಷ್ಟು ಬೇಕಾಗಲ್ಲ. ಬಿಳಿ ಪಟ್ಟಿ ಮೇಲೆ, ಕೆಂಪು ಪಟ್ಟಿ ಕೆಳಗೆ, ಮರ, ಕಲ್ಲು, ಕಂಬ ಎಲ್ಲೆಲ್ಲೂ ಬಳಿದಿರ್ತಾರೆ, ಅದು ಜಿ.ಆರ್. ಅಂದ್ರೆ ದೂರದ ದಾರಿ. ಬರೀ ಹಳದಿ ಪಟ್ಟಿ ಇದ್ರೆ ಊರ ಸುತ್ತಮುತ್ತಲ ಚಿಕ್ಕ ದಾರಿ, ಕೆಂಪು ಹಳದಿ ಇದ್ರೆ ಒಂದು ಸೀಮೆ ಸುತ್ತಿ ಬರೋದು. ಎರಡು ಬಣ್ಣ ಕತ್ತರಿ ಹಾಕಿದ ಹಾಗಿದ್ರೆ ಆ ಕಡೆ ಹೋಗಬೇಡಿ ಅಂತ. ಮೊದಲ ಜಿ.ಆರ್. ಗುರುತು ಬಳಿದಿದ್ದು 1947ರಲ್ಲಿ, ಓರ್ಲಿಯೋಂ ಹತ್ರ ಲ್ವಾರ್ ನದಿ ದಂಡೇಲಿ, ಇವತ್ತಿಗೂ ಡಬ್ಬಿ ಬ್ರಷ್ ಹಿಡ್ಕೊಂಡು ಬಳಿಯೋರು ಸ್ವಯಂಸೇವಕರೇ, ದಾರೀಲಿ ಸಿಕ್ರೆ ಒಂದು ಥ್ಯಾಂಕ್ಸ್ ಹೇಳಿ. ನಾನು ಮಾತಾಡ್ತಾ ಆ ಕತ್ತರಿ ಗುರುತು ನೋಡದೆ ಅರ್ಧ ಗಂಟೆ ಇಳಿದು ಯಾರದೋ ಹೊಲದ ಮನೆ ಅಂಗಳಕ್ಕೆ ಹೋಗಿ ನಿಂತಿದ್ದೆ. ಆ ಮನೆ ಅಜ್ಜಿ ಕೋಳಿಗೆ ಕಾಳು ಹಾಕ್ತಾ ಇದ್ರು, ನಾನು 'ಬೋಂಜೂರ್ ಮದಾಮ್' ಅಂದೆ, ಅವ್ರು ಕಾಳಿನ ಬಟ್ಟಲು ಅಲ್ಲೇ ಇಟ್ಟು ಗೇಟಿನವರೆಗೂ ಬಂದು ದಾರಿ ತೋರಿಸಿ ಹೋದ್ರು. ಆ ಬೋಂಜೂರ್ ತುಂಬಾ ಮುಖ್ಯ, ಅಂಗಡಿಗೆ ಹೋದ್ರೂ ಮೊದಲು ಅದು, ಆಮೇಲೆ ಉಳಿದ ಮಾತು. ಹೇಳದೆ ನೇರ ರೇಟ್ ಕೇಳಿದ್ರೆ ಅವ್ರಿಗೆ ಬೇಜಾರಾಗುತ್ತೆ. ತುರ್ತು ಇದ್ರೆ 112.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳು ನಾವು. ಹಳ್ಳೀಲಿ ಊಟ ಸಿಗುತ್ತಾ?

ಉತ್ತರ: ಸಿಗುತ್ತೆ, ಮೊದಲೇ ಹೇಳಿದ್ರೆ. ಯಾತ್ರಿಕರು ಉಳಿಯೋ ಮನೆಗೆ ಜೀತ್ ಅಂತಾರೆ, ರಾತ್ರಿ ಊಟ, ಹಾಸಿಗೆ, ಬೆಳಗಿನ ತಿಂಡಿ ಸೇರಿಸಿ ತಗೊಳ್ಳೋದನ್ನ ದೆಮಿ-ಪಾಂಸಿಯೋಂ ಅಂತಾರೆ. ಬುಕ್ ಮಾಡೋವಾಗ್ಲೇ ತಿಳಿಸಿ, ಸಂಜೆ ಏಳಕ್ಕೆ ಎಲ್ರೂ ಒಂದೇ ಉದ್ದ ಮೇಜಲ್ಲಿ ಕೂತ ಮೇಲೆ ಹೇಳಿದ್ರೆ ಪಾಪ ಅವ್ರೇನ್ ಮಾಡ್ತಾರೆ. ಬರೀ ಮಾಂಸ ಬೇಡ ಅಂದ್ರೆ ಸಾಲಲ್ಲ, ಹಂದಿ ಕೊಬ್ಬಿನ ಚೂರನ್ನ ಕೆಲವ್ರು ಮಾಂಸ ಅಂತ ಲೆಕ್ಕಕ್ಕೇ ಇಟ್ಕೊಳ್ಳಲ್ಲ, ಅದಕ್ಕೇ 'ನಿ ವ್ಯಾಂದ್, ನಿ ಪ್ವಸ್ಸೋಂ, ನಿ ಲಾರ್ದೋಂ' (ni viande, ni poisson, ni lardons), ಅಂದ್ರೆ ಮಾಂಸ, ಮೀನು, ಹಂದಿ ಕೊಬ್ಬಿನ ಚೂರು ಯಾವುದೂ ಬೇಡ ಅಂತ ಬರೆದು ಕಳಿಸಿ. ಈ ಸೀಮೆಯಲ್ಲಿ ಅಲಿಗೋ ಅಂತ ಮಾಡ್ತಾರೆ, ಬೇಯಿಸಿ ಅರೆದ ಆಲೂಗಡ್ಡೆಗೆ ಹೊಸ ಚೀಸು, ಕ್ರೀಮು, ಬೆಳ್ಳುಳ್ಳಿ ಹಾಕಿ ಮರದ ಸೌಟಲ್ಲಿ ಮಗುಚಿ ಮಗುಚಿ ಎತ್ತಿದ್ರೆ ಒಂದು ಮೊಳ ಉದ್ದ ಎಳೆ ಬರುತ್ತೆ. ಪಕ್ಕದಲ್ಲಿ ಸಾಸೇಜ್ ಇಡ್ತಾರೆ, ಬೇಡ ಅನ್ನಿ. ಕಟ್ಟುನಿಟ್ಟಿನವರಿಗೆ ಒಂದು ಮಾತು, ಅಲ್ಲಿನ ಹಳ್ಳಿ ಚೀಸಿಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯ ರೆನೆಟ್ ಹಾಕ್ತಾರೆ. ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ, ಭಾನುವಾರ ಮಧ್ಯಾಹ್ನ, ಎಷ್ಟೋ ಕಡೆ ಸೋಮವಾರ ಪೂರ್ತಿ ಅಂಗಡಿ ಮುಚ್ಚಿರುತ್ತೆ, ಬ್ರೆಡ್ಡು ಹಣ್ಣು ಹಿಂದಿನ ದಿನವೇ ತಗೊಂಡಿಡಿ.

ಪ್ರಶ್ನೆ: ವಿಡಿಯೋದಲ್ಲಿ ನೋಡಿದ್ರೆ ಆ ಹಳ್ಳಿಗಳಲ್ಲಿ ಜನನೇ ಇಲ್ಲ. ಎಲ್ಲಾ ಎಲ್ಲಿ ಹೋದ್ರು?

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ರಿ. ಕಿಟಕಿ ಬಾಗಿಲು ಮುಚ್ಚಿರೋದು ಸ್ವಲ್ಪ ಬಿಸಿಲಿಗೆ, ಸ್ವಲ್ಪ ಆ ಮನೆಗಳು ಪಟ್ಟಣದವರ ರಜಾ ಮನೆ ಆಗಿರೋದಕ್ಕೆ. ಆದ್ರೆ ನಿಜವಾದ ಉತ್ತರ ಚರ್ಚ್ ಪಕ್ಕದಲ್ಲೋ ಪಂಚಾಯ್ತಿ ಕಟ್ಟಡದ ಮುಂದೋ ಇರೋ ಕಲ್ಲಿನ ಕಂಬದಲ್ಲಿದೆ, ಹೆಚ್ಚುಕಮ್ಮಿ ಎಲ್ಲಾ ಊರಲ್ಲೂ ಇದೆ ಅದು. 1914–1918ರ ಯುದ್ಧದಲ್ಲಿ ಸತ್ತ ಆ ಊರಿನ ಹುಡುಗರ ಹೆಸರುಗಳು. ಫ್ರಾನ್ಸಿನ ಸೈನಿಕರು ಸುಮಾರು 14 ಲಕ್ಷ ಜನ ಸತ್ರು, ತುಂಬಾ ಜನ ರೈತರ ಮಕ್ಕಳು. ಐವತ್ತು ಮನೆ ಇಲ್ಲದ ಊರಿನ ಕಂಬದಲ್ಲೂ ಒಂದೇ ಮನೆತನದ ಹೆಸರು ಮೂರು ಸಲ, ನಾಲ್ಕು ಸಲ ಬಂದಿರುತ್ತೆ, ನಿಂತು ಓದಿ. ನೀವು ನಡೆಯೋ ಈ ಅವೆರೋಂ ಜಿಲ್ಲೆಯಿಂದ ಅದಕ್ಕೂ ಮುಂಚಿನಿಂದ್ಲೇ ಜನ ಪ್ಯಾರಿಸ್‌ಗೆ ಹೋಗಿ ಕಲ್ಲಿದ್ದಲು, ವೈನು ಮಾರಿ ಆಮೇಲೆ ಕೆಫೆ ಇಟ್ರು, ಪಕ್ಕದ ಲೋತ್ ಜಿಲ್ಲೇಲಿ 19ನೇ ಶತಮಾನದ ಕೊನೇಲಿ ಫಿಲಾಕ್ಸೆರಾ ಅನ್ನೋ ಹುಳ ದ್ರಾಕ್ಷಿ ತೋಟಗಳನ್ನೇ ತಿಂದು ಹಾಕ್ತು. ನಡೀತಾ ಹೋದ್ರೆ ಕಾಡೊಳಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಕಟ್ಟೆಗಳು ಸಿಗುತ್ವೆ, ಅಲ್ಲಿ ಒಂದು ಕಾಲಕ್ಕೆ ಬೆಳೆ ಇತ್ತು, ಈಗ ಓಕ್ ಮರ ಬೆಳೆದಿದೆ.

ಪ್ರಶ್ನೆ: ಅಕ್ಟೋಬರಲ್ಲಿ ಹೋಗಬಹುದಾ?

ಉತ್ತರ: ಹೋಗಬಹುದು, ಕಾಡಿನ ಬಣ್ಣ ಚೆನ್ನಾಗಿರುತ್ತೆ. ಆದ್ರೆ ಸೆಪ್ಟೆಂಬರಿಂದ ಫೆಬ್ರವರಿ ಕೊನೆ ತನಕ ಬೇಟೆ ಕಾಲ, ಭಾನುವಾರ ಜಾಸ್ತಿ. ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಳ್ಳಿ, 'ಶಾಸ್ ಆಂ ಕೂರ್', ಅಂದ್ರೆ ಬೇಟೆ ನಡೀತಿದೆ ಅಂತ ಬೋರ್ಡ್ ಇದ್ರೆ ದಾರಿ ಬಿಟ್ಟು ಕಾಡೊಳಗೆ ಕಾಲಿಡಬೇಡಿ. ನವೆಂಬರ್ ಬಂತಂದ್ರೆ ಎಷ್ಟೋ ಜೀತ್‌ಗಳು ಬಾಗಿಲು ಹಾಕ್ತವೆ.

ಪ್ರಶ್ನೆ: ದಾರೀಲಿ ನೀರು ಖಾಲಿ ಆದ್ರೆ?

ಉತ್ತರ: ಊರಿನ ಸ್ಮಶಾನ ಹುಡುಕಿ. ಸಮಾಧಿ ಮೇಲಿನ ಹೂಗಿಡಕ್ಕೆ ಹಾಕೋಕೆ ಅಂತ ಗೇಟ್ ಹತ್ರ ನಲ್ಲಿ ಇಟ್ಟಿರ್ತಾರೆ, ಯಾತ್ರಿಕರೆಲ್ಲಾ ಅಲ್ಲೇ ಬಾಟಲಿ ತುಂಬಿಸ್ಕೊಳ್ಳೋದು. 'ನೋಂ ಪೊತಾಬ್ಲ್' ಅಂತ ಬರೆದಿದ್ರೆ ಮಾತ್ರ ಕುಡೀಬೇಡಿ, ಮುಖ ತೊಳ್ಕೊಂಡು ಮುಂದಿನ ಊರಿಗೆ ನಡೀರಿ.