ರಟ್ಟು ಹಾರಿಹೋದರೂ ನಾಣ್ಯ ಲೋಟದೊಳಗೇ ಬೀಳುವುದೇಕೆ?

ಲೋಟದ ಬಾಯಿಗೆ ರಟ್ಟನ್ನಿಟ್ಟು, ಅದರ ಮೇಲೆ ನಾಣ್ಯವನ್ನಿರಿಸಿ, ರಟ್ಟಿನ ಅಂಚನ್ನು ಬೆರಳಿನಿಂದ ಚಿಮ್ಮಿದರೆ ರಟ್ಟು ಹಾರುತ್ತದೆ, ನಾಣ್ಯ ಲೋಟದೊಳಗೆ ಬೀಳುತ್ತದೆ. ಇದಕ್ಕೆ ಜಡತ್ವವೇ, ಅಂದರೆ ಇದ್ದ ಸ್ಥಿತಿಯಲ್ಲೇ ಉಳಿಯುವ ವಸ್ತುವಿನ ಗುಣವೇ, ಕಾರಣ ಎನ್ನುವುದು ಸರಿಯಾದರೂ ಅದು ಅರ್ಧ ಉತ್ತರವಷ್ಟೇ. ಏಕೆಂದರೆ ರಟ್ಟನ್ನು ನಿಧಾನವಾಗಿ ಎಳೆದರೆ, ಅಷ್ಟೇ ಜಡತ್ವವುಳ್ಳ ಅದೇ ನಾಣ್ಯ ರಟ್ಟಿನೊಂದಿಗೇ ಸಾಗಿಬಿಡುತ್ತದೆ.

ಉಳಿದರ್ಧ ಘರ್ಷಣೆಯಲ್ಲಿದೆ. ನಾಣ್ಯವನ್ನು ಅಡ್ಡಕ್ಕೆ ಎಳೆಯಬಲ್ಲದ್ದು ರಟ್ಟಿನ ಘರ್ಷಣೆಯೊಂದೇ, ಮತ್ತು ಆ ಬಲಕ್ಕೊಂದು ಮಿತಿಯಿದೆ. ಘರ್ಷಣಾ ಗುಣಾಂಕವನ್ನು (ತೂಕಕ್ಕೆ ಹೋಲಿಸಿದರೆ ಘರ್ಷಣೆ ಎಷ್ಟು ಎಂಬ ಅಳತೆ) 0.3 ಎಂದಿಟ್ಟುಕೊಂಡರೆ, ನಾಣ್ಯದ ವೇಗವು ಸೆಕೆಂಡಿಗೆ ಹೆಚ್ಚೆಂದರೆ 3 ಮೀಟರ್‌/ಸೆಕೆಂಡ್‌ನಷ್ಟು ಹೆಚ್ಚಬಲ್ಲದು. ನಿಧಾನವಾದ ಎಳೆತಕ್ಕೆ ಇಷ್ಟು ಸಾಕು, ಆದ್ದರಿಂದ ನಾಣ್ಯ ಜಾರುವುದಿಲ್ಲ. ಚಿಮ್ಮಿದಾಗ ರಟ್ಟಿನ ವೇಗ ಇದಕ್ಕಿಂತ ಬಹುಪಟ್ಟು ಬೇಗ ಏರುವುದರಿಂದ ಅದು ನಾಣ್ಯದಡಿಯಿಂದ ಜಾರಿಹೋಗುತ್ತದೆ. ಜಾರುವಾಗಲೂ ಘರ್ಷಣೆ ಇದ್ದೇ ಇರುತ್ತದೆ, ಆದರೆ ರಟ್ಟು 0.05 ಸೆಕೆಂಡಿನಲ್ಲಿ ಕಳಚಿಕೊಂಡರೆ ಅಷ್ಟರಲ್ಲಿ ನಾಣ್ಯ ಸರಿಯುವುದು 4 ಮಿಲಿಮೀಟರಿಗಿಂತ ಕಡಿಮೆ.

ನಾಣ್ಯ ಭಾರವಾಗಿದ್ದಷ್ಟೂ ಆಟ ಸುಲಭವೆಂದು ಹಲವರು ನಂಬುತ್ತಾರೆ. ಆದರೆ ತೂಕ ಇಮ್ಮಡಿಯಾದರೆ ಜಡತ್ವದೊಂದಿಗೆ ಘರ್ಷಣೆಯೂ ಇಮ್ಮಡಿಯಾಗುವುದರಿಂದ ಲೆಕ್ಕ ಬದಲಾಗುವುದೇ ಇಲ್ಲ. ನನಗೆ ಈ ಆಟದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ.

ಮೇಜಿನ ಮೇಲಿನ ತಟ್ಟೆಗಳನ್ನು ಅಲುಗಿಸದೆ ಬಟ್ಟೆಯನ್ನು ಸೆಳೆಯುವ ಚಮತ್ಕಾರವೂ ಇದೇ ಬಗೆಯದು. ಅಲ್ಲಿ ನುಣುಪಾದ, ಅಂಚು ಮಡಿಸಿ ಹೊಲಿಯದ ಬಟ್ಟೆಯನ್ನೇ ಆರಿಸಬೇಕು, ಏಕೆಂದರೆ ದಪ್ಪ ಹೊಲಿಗೆ ತಟ್ಟೆಯ ಅಡಿಗೆ ತಗುಲಿದರೆ ಅದು ಘರ್ಷಣೆಯಾಗಿ ಉಳಿಯದೆ ನೇರ ತಳ್ಳುವಿಕೆಯಾಗುತ್ತದೆ.