ಅಧ್ಯಕ್ಷರ ಕುರ್ಚಿ ಆಮೇಲೆ, ಕೋಚ್ ಸಂಬಳದ ಚೆಕ್ಕಿಗೆ ಯಾರ ಸಹಿ ಹೇಳಿ

ನಿಮ್ಮ ಪೋಸ್ಟ್ ಓದಿದೆ. ಚಿತ್ರದುರ್ಗದಲ್ಲಿ ಪೊಲೀಸರ ಸಹಕಾರದಿಂದ ಹುಡುಗರಿಗಾಗಿ ಒಂದು ಸಂಸ್ಥೆ ಕಟ್ಟುತ್ತಿದ್ದೀರಿ. ಸಂಜೆ ಕಬಡ್ಡಿ, ಆಮೇಲೆ ಟ್ಯೂಷನ್. ಅಧ್ಯಕ್ಷರಾಗಿ ಎಸ್ಪಿಯವರಾ, ನಿವೃತ್ತ ಡಿವೈಎಸ್ಪಿಯವರಾ? ಕೆಲಸಕ್ಕೆ ಕಾನ್‌ಸ್ಟೇಬಲ್‌ಗಳನ್ನೇ ಹಾಕಿಕೊಳ್ಳಬಹುದಾ? ನ್ಯೂಯಾರ್ಕಿನಲ್ಲಿ ಮಕ್ಕಳಿಗೆ ಆಟ ಆಡಿಸುವ ಪೊಲೀಸ್ ಅಥ್ಲೆಟಿಕ್ ಲೀಗ್ ಥರ ಆಗಬೇಕು ಅಂತ ಬೇರೆ ಬರೆದಿದ್ದೀರಿ.

ದಾವಣಗೆರೆಯಲ್ಲಿ ನಾವೂ ಇದನ್ನೇ ಮಾತಾಡಿದ್ದು. ಮೀಟಿಂಗ್ ಮೇಲೆ ಮೀಟಿಂಗ್. ತಟ್ಟೆ ತಟ್ಟೆ ಮಂಡಕ್ಕಿ ಮಿರ್ಚಿ ಖಾಲಿಯಾಯಿತು. ಅಧ್ಯಕ್ಷರು ಯಾರು, ಗೌರವಾಧ್ಯಕ್ಷರು ಯಾರು, ಬ್ಯಾನರಿನಲ್ಲಿ ಯಾರ ಫೋಟೋ ಎಡಕ್ಕೆ, ಯಾರದು ಬಲಕ್ಕೆ. ಕೋಚ್‌ಗೆ ಸಂಬಳ ಹೇಗೆ ಕೊಡೋದು ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಅಲ್ಲಿ ಸಂಯೋಜಕನಾಗಿದ್ದೆ. ಅಂದರೆ ರಶೀದಿ ಬರೆಯೋದು, ಬಾಳೆಹಣ್ಣು ತರೋದು, ಮೈದಾನದ ಬೀಗ ತೆಗೆಯೋದು. ಬೈಲಾ, ಅಂದರೆ ಸಂಸ್ಥೆಯ ನಿಯಮಾವಳಿ, ಟೈಪ್ ಮಾಡಿಸಿದ್ದೂ ನಾನೇ. ಸಂಸ್ಥೆಯ ಹೆಸರು, ಅಧಿಕಾರಿಗಳ ಹುದ್ದೆ ಇಲ್ಲಿ ಬೇಡ. ಎಲ್ಲರನ್ನೂ ಸಾಹೇಬರು ಅಂತಲೇ ಕರೆಯುತ್ತೇನೆ. ಯಾಕೆಂದರೆ ಅವರದೇನೂ ತಪ್ಪಿರಲಿಲ್ಲ.

ನಮ್ಮ ಹುಡುಗರು ಹೆಚ್ಚಿನವರು ಮಂಡಕ್ಕಿ ಭಟ್ಟಿ ಕಡೆಯವರು. ನಿಮಗೆ ಗೊತ್ತಿರುತ್ತೆ, ಆಜಾದ್ ನಗರ, ಭಾಷಾ ನಗರದ ಆಸುಪಾಸು ಭಟ್ಟಿಗಳಿವೆ. ಬೆಳಗಿನ ಜಾವಕ್ಕೇ ಹೊಗೆ ಏಳುತ್ತೆ. ಸ್ಕೂಲು ಬಿಟ್ಟ ಹುಡುಗರು ಅಲ್ಲಿ ಕೆಲಸಕ್ಕೆ ಹೋಗಿ, ಮಧ್ಯಾಹ್ನ ಮಲಗಿ, ಸಂಜೆ ಸುಮ್ನೆ ಸರ್ಕಲ್ಲಿನಲ್ಲಿ ನಿಲ್ಲುತ್ತಿದ್ದರು. ಅವರನ್ನು ಮೈದಾನಕ್ಕೆ ತಂದಿದ್ದು ಸಾಹೇಬರೂ ಅಲ್ಲ, ನಾನೂ ಅಲ್ಲ. ಕಬಡ್ಡಿ ಕೋಚ್ ಒಬ್ಬರು, ಒಬ್ಬ ರಿಟೈರ್ಡ್ ದಫೇದಾರರು, ಅಂದರೆ ಹೆಡ್ ಕಾನ್‌ಸ್ಟೇಬಲ್.

ದಫೇದಾರರ ಕೆಲಸದ ರೀತಿ ಹೇಳಲೇಬೇಕು. ಬೆಳಗಿನ ಜಾವ ಲುಂಗಿ ಉಟ್ಟು, ಟವೆಲ್ ಹೆಗಲ ಮೇಲೆ ಹಾಕಿಕೊಂಡು ಭಟ್ಟಿಗೆ ಹೋಗುತ್ತಿದ್ದರು. ಅಕ್ಕಿ ಮೂಟೆ ಮೇಲೆ ಕೂತು ಚಾ ಕೇಳುತ್ತಿದ್ದರು. ಕಾನೂನಿನ ಮಾತೇ ಇಲ್ಲ. ಓಡಾಡುವ ಹುಡುಗರನ್ನು ಮಾತ್ರ ಗಟ್ಟಿಯಾಗಿ ಎಣಿಸುತ್ತಿದ್ದರು, "ಒಂದು, ಎರಡು, ಇವನಿಗೆಷ್ಟು ವಯಸ್ಸು ಸಾಹುಕಾರ್ರೇ?" ಅಂತ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಆದಮೇಲೆ 14ರೊಳಗಿನ ಮಕ್ಕಳನ್ನು ಹೊರಗಿನವರು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಅದು ಸಾಹುಕಾರರಿಗೂ ಗೊತ್ತು, ಇವರಿಗೂ ಗೊತ್ತು. ಮರುದಿನದಿಂದ ಸಣ್ಣ ಹುಡುಗರು ಅಲ್ಲಿರುತ್ತಿರಲಿಲ್ಲ. ದೊಡ್ಡವರಿಗೆ ಸಂಜೆ ಬಿಡುವು ಸಿಗುತ್ತಿತ್ತು. ಈ ಮನುಷ್ಯನ ಹೆಸರು ನಮ್ಮ ಲೆಟರ್‌ಹೆಡ್ಡಿನಲ್ಲಿ ಎಲ್ಲೂ ಇರಲಿಲ್ಲ.

ಈಗ ಬೈಲಾಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ. ನಿಮ್ಮ ಕರಡಿನಲ್ಲೂ ಇದೇ ಇರುತ್ತೆ ಅನ್ನೋದು ನನ್ನ ಅನುಮಾನ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮದು ಸೊಸೈಟಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಆಯಿತು. ಬೈಲಾದಲ್ಲಿ ನಾವು ಮೂರು ಸಾಲು ಬರೆದೆವು. ಒಂದು, ಸಾಹೇಬರು ಪದನಿಮಿತ್ತ ಅಧ್ಯಕ್ಷರು, ಅಂದರೆ ಆ ಕುರ್ಚಿಗೆ ಯಾರು ಬಂದರೂ ಅವರೇ. ಎರಡು, ಬ್ಯಾಂಕ್ ಖಾತೆಗೆ ಅಧ್ಯಕ್ಷರು ಮತ್ತು ಖಜಾಂಚಿಯ ಜಂಟಿ ಸಹಿ. ಖಜಾಂಚಿಯೂ ಇಲಾಖೆಯವರೇ. ಮೂರು, ಸಮಿತಿ ಸಭೆಯನ್ನು ಅಧ್ಯಕ್ಷರ ಅಪ್ಪಣೆ ಪಡೆದೇ ಕರೆಯತಕ್ಕದ್ದು. ಪ್ರತಿ ಸಾಲೂ ಬಿಡಿಯಾಗಿ ಓದಿದರೆ ಗೌರವವಾಗಿಯೇ ಇದೆ. ಮೂರನ್ನೂ ಒಟ್ಟಿಗಿಟ್ಟು ಓದುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

ವರ್ಗಾವಣೆ ಆಯಿತು. ಸಾಹೇಬರೂ ಹೋದರು, ಅದೇ ಪಟ್ಟಿಯಲ್ಲಿ ಖಜಾಂಚಿಯೂ ಹೋದರು. ತಿಂಗಳ ಕೊನೆಗೆ ಕೋಚ್ ಸಂಬಳದ ಚೆಕ್ಕಿಗೆ ಸಹಿ ಹಾಕುವವರೇ ಇಲ್ಲ. ಬ್ಯಾಂಕಿಗೆ ಹೋದೆ. ಸಹಿ ಬದಲಾಯಿಸೋಕೆ ಸಮಿತಿಯ ಠರಾವು ಬೇಕು, ಹೊಸಬರ ಕೆವೈಸಿ ಬೇಕು ಅಂದರು. ನ್ಯಾಯವೇ. ಠರಾವು ಮಾಡೋಕೆ ಸಭೆ ಬೇಕು. ಸಭೆಗೆ ಅಧ್ಯಕ್ಷರ ಅಪ್ಪಣೆ ಬೇಕು. ಅಧ್ಯಕ್ಷರು ಅಂದರೆ ಈಗ ಹೊಸ ಸಾಹೇಬರು. ಅವರ ಹತ್ತಿರ ಹೋದರೆ ಕೂರಿಸಿದರು, ಕಾಫಿ ಕೊಡಿಸಿದರು, ಫೈಲು ಪೂರ್ತಿ ಓದಿದರು. ಆಮೇಲೆ, "ಸರ್ಕಾರದ ಅನುಮತಿ ಇಲ್ಲದೆ ದುಡ್ಡು ಎತ್ತುವ ಸಂಸ್ಥೆಯಲ್ಲಿ ನಾನು ಸಹಿ ಹಾಕುವ ಹಾಗಿಲ್ಲ. ಹಿಂದಿನವರು ಅನುಮತಿ ತಗೊಂಡಿದ್ದರಾ?" ಅಂದರು.

ತಗೊಂಡಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಹೊಸ ಸಾಹೇಬರು ಹೇಳಿದ್ದು ಸರಿ. ಐಪಿಎಸ್ ಅಧಿಕಾರಿಗಳಿಗೆ 1968ರ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳಿವೆ. ಮುಂಚೆ ಮಂಜೂರಾತಿ ಪಡೆಯದೆ ಅವರು ಯಾವ ನಿಧಿಗೂ ವಂತಿಗೆ ಕೇಳುವ ಹಾಗಿಲ್ಲ, ನಿಧಿ ಸಂಗ್ರಹದಲ್ಲಿ ಸೇರಿಕೊಳ್ಳುವ ಹಾಗೂ ಇಲ್ಲ. ಸಂಬಳ ಇಲ್ಲದ ಸಮಾಜಸೇವೆಗೆ ಅಡ್ಡಿಯಿಲ್ಲ, ದುಡ್ಡಿನ ವಿಷಯ ಬಂದಾಗ ಕಟ್ಟುನಿಟ್ಟು. ಬೈಲಾ ತಿದ್ದೋಣ ಅಂದರೆ ಅದಕ್ಕೆ ಸರ್ವ ಸದಸ್ಯರ ಸಭೆ, ಆಮೇಲೆ ಜಿಲ್ಲಾ ರಿಜಿಸ್ಟ್ರಾರ್ ಹತ್ತಿರ ನೋಂದಣಿ. ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಡಿದರೆ ವರ್ಷಾವರ್ಷ ಕೊಡಬೇಕಾದ ಆಡಳಿತ ಮಂಡಳಿ ಪಟ್ಟಿಯನ್ನೂ ನಾವು ಕೊಟ್ಟಿರಲಿಲ್ಲ. ಕಾಯ್ದೆಯ 13ನೇ ಕಲಂ ಅದು. ವಾರ್ಷಿಕ ಸಭೆ ಆದ 14 ದಿನದೊಳಗೆ ಸಲ್ಲಿಸಬೇಕು. ಹಳೇ ಬಾಕಿ ತೀರಿಸದೆ ಹೊಸ ಅರ್ಜಿ ಮುಂದಕ್ಕೆ ಹೋಗೋದಿಲ್ಲ. ಖಾತೆಯಲ್ಲಿ ದುಡ್ಡಿದೆ, ಪಾಸ್‌ಬುಕ್ ನನ್ನ ಬ್ಯಾಗಿನಲ್ಲಿದೆ, ಕೋಚ್ ಮನೆ ಬಾಡಿಗೆ ಬಾಕಿ ಇದೆ.

ಕೋಚ್ ಕಾದರು. ಪಾಪ, ಜಾಸ್ತಿಯೇ ಕಾದರು. ಕೊನೆಗೆ ಹರಿಹರದ ಕಡೆ ಒಂದು ಖಾಸಗಿ ಸ್ಕೂಲಿನಲ್ಲಿ ಪಿಟಿ ಮಾಸ್ತರಾಗಿ ಸೇರಿದರು. ಬೇರೆ ಕೋಚ್ ತಂದೆವು, ಹುಡುಗರು ಬರಲಿಲ್ಲ. ಅವರು ಸಂಸ್ಥೆಗೆ ಬರುತ್ತಿದ್ದವರೇ ಅಲ್ಲ, ಆ ಮನುಷ್ಯನಿಗಾಗಿ ಬರುತ್ತಿದ್ದವರು. ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಾಗುತ್ತಿದ್ದ ಹುಡುಗನೊಬ್ಬನಿದ್ದ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕಲ್ವಾ, ಅದಕ್ಕೆ ಕೋಚ್ ಅವನಿಗೆ ಬೇರೆಯಾಗಿ ಸ್ಟಾಪ್‌ವಾಚ್ ಹಿಡಿಯುತ್ತಿದ್ದರು. ಅವನು ಮತ್ತೆ ಭಟ್ಟಿಗೆ ಹೋದ. ಸಾಹೇಬರ ಫೋಟೋ ಇದ್ದ ಬ್ಯಾನರು ಗೋದಾಮಿನಲ್ಲಿ ಚೆನ್ನಾಗಿಯೇ ಇತ್ತು.

ಆದ್ದರಿಂದ ಎಸ್ಪಿಯವರಾ, ಡಿವೈಎಸ್ಪಿಯವರಾ ಅನ್ನುವ ಪ್ರಶ್ನೆಯೇ ನನಗೆ ಹಿಡಿಸೋದಿಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಸ್ಪಿಗೆ ಒಂದೇ ಕಡೆ ಕನಿಷ್ಠ ಎರಡು ವರ್ಷ ಅಂತ ಹೇಳಿದ್ದು 2006ರಲ್ಲಿ. ಅದನ್ನು ಅಕ್ಷರಶಃ ಪಾಲಿಸಿದರೂ ಎರಡು ವರ್ಷ. ಹತ್ತು ವರ್ಷದ ಹುಡುಗ ನಿಮ್ಮ ಹತ್ತಿರ ಬಂದರೆ ಹದಿನೆಂಟಾಗುವಷ್ಟರಲ್ಲಿ ಎಷ್ಟು ಸಾಹೇಬರು ಬದಲಾಗುತ್ತಾರೆ ಲೆಕ್ಕ ಹಾಕಿ. ಅವರನ್ನು ಮಹಾಪೋಷಕರು ಅಂತ ಮಾಡಿ. ಉದ್ಘಾಟನೆಗೆ ಕರೆಯಿರಿ, ಮೈದಾನ ಕೊಡಿಸಲು ಹೇಳಿ. ಚೆಕ್ ಬುಕ್ಕಿನಿಂದ, ಸಭೆ ಕರೆಯುವ ಅಧಿಕಾರದಿಂದ ದೂರ ಇಡಿ. ಅವರಿಗೂ ಒಳ್ಳೆಯದು.

ನೀವು ಹೇಳಿದ ನ್ಯೂಯಾರ್ಕಿನ ಲೀಗನ್ನೇ ನೋಡಿ. ಅದರ ಬೇರು 1914ರಲ್ಲಿದೆ. ಕಮಿಷನರ್ ಆರ್ಥರ್ ವುಡ್ಸ್ ಕಾಲದಲ್ಲಿ ಕೆಲವು ಬೀದಿಗಳಲ್ಲಿ ಗಾಡಿಗಳ ಓಡಾಟ ನಿಲ್ಲಿಸಿ ಮಕ್ಕಳಿಗೆ ಆಡಲು ಬಿಟ್ಟರು. ಹುಟ್ಟು ಪೊಲೀಸರದೇ. ಆದರೆ ಇವತ್ತು ಅದು ಇಲಾಖೆಯ ಶಾಖೆಯಲ್ಲ. ಬೇರೆಯೇ ಲಾಭರಹಿತ ಸಂಸ್ಥೆ, ತನ್ನದೇ ಮಂಡಳಿ, ತನ್ನದೇ ಸಿಬ್ಬಂದಿ. 1960ರ ದಶಕದಿಂದ ಹಲವು ದಶಕ ಅದರ ಮುಂದಾಳಾಗಿದ್ದವರು ರಾಬರ್ಟ್ ಮಾರ್ಗೆಂಥಾವ್. ಅವರು ಪೊಲೀಸ್ ಅಧಿಕಾರಿಯಲ್ಲ, ವಕೀಲರು. 1975ರಿಂದ 2009ರವರೆಗೆ ಮ್ಯಾನ್‌ಹಟನ್ನಿನ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಅಲ್ಲಿನ ಮುಖ್ಯ ಸರ್ಕಾರಿ ಅಭಿಯೋಜಕ ಆಗಿದ್ದವರು. ಅಷ್ಟು ವರ್ಷ ಒಬ್ಬರೇ ನಿಂತರು. ನಾವು ಅಲ್ಲಿಂದ "ಪೊಲೀಸ್" ಅನ್ನುವ ಬೋರ್ಡನ್ನು ಮಾತ್ರ ತಂದುಕೊಂಡೆವು.

ಇನ್ನು ಕಾನ್‌ಸ್ಟೇಬಲ್‌ಗಳ ವಿಷಯ. ಬೇಡ. ಅವರು ಕೆಟ್ಟವರು ಅಂತಲ್ಲ. ಜಿಲ್ಲಾ ಸಶಸ್ತ್ರ ಪಡೆ ಡಿಎಆರ್‌ನಲ್ಲಿ ಒಳ್ಳೊಳ್ಳೆ ಆಟಗಾರರಿದ್ದಾರೆ. ಆದರೆ ಗಣೇಶನ ಹಬ್ಬ ಬಂದರೆ ಬಂದೋಬಸ್ತ್, ದುಗ್ಗಮ್ಮನ ಜಾತ್ರೆ ಬಂದರೆ ಬಂದೋಬಸ್ತ್, ದಸರಾ ಬಂದರೆ, ಎಲೆಕ್ಷನ್ ಬಂದರೆ ಅದೇ. ಹುಡುಗರಿಗೆ ರಜೆ ಇದ್ದು ಕೈ ಖಾಲಿ ಇರೋದು ಯಾವಾಗ? ದಸರೆಗೆ, ಬೇಸಿಗೆಗೆ, ಹಬ್ಬಕ್ಕೆ. ಹುಡುಗರಿಗೆ ಬೇಕಾದ ದಿನವೇ ಪೊಲೀಸರಿಗೆ ಪುರುಸೊತ್ತು ಇರೋದಿಲ್ಲ. ಬರಿ ಕವಾಯತು, ಶಿಸ್ತು ಬೇಕು ಅಂತಿದ್ದರೆ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಇದೆ. ಕೇರಳದಲ್ಲಿ 2010ರಲ್ಲಿ ಶುರುವಾಗಿ 2018ರಲ್ಲಿ ದೇಶಕ್ಕೆಲ್ಲ ಬಂತು. 8, 9ನೇ ತರಗತಿಯ ಮಕ್ಕಳಿಗೆ. ಅಲ್ಲೂ ನಿತ್ಯದ ಹೊಣೆ ಹೊರೋದು ಸ್ಕೂಲಿನ ಮೇಷ್ಟ್ರುಗಳೇ. ಸ್ಕೂಲಿಗೇ ಹೋಗದ ಹುಡುಗರಿಗೆ ಅದು ಸಿಗೋದಿಲ್ಲ. ನಿಮ್ಮ ಸಂಸ್ಥೆಗೆ ಕೆಲಸ ಇರೋದು ಅಲ್ಲಿ.

ರಿಟೈರಾದ ದಫೇದಾರರು, ಎಎಸ್‌ಐಗಳು ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಓಣಿ ಗೊತ್ತು, ಮನೆ ಗೊತ್ತು, ಯಾರಪ್ಪ ಕುಡಿದು ಬರುತ್ತಾನೆ ಗೊತ್ತು. ಯಾವ ಮನೆಯ ಬಾಗಿಲು ತಟ್ಟಿದರೂ ಒಳಗೆ ಕರೆದು ಚಾಪೆ ಹಾಸುತ್ತಾರೆ. ಕಣ್ಣುಮುಚ್ಚಿ ಅಂದೆ, ಒಂದು ವಿಷಯಕ್ಕೆ ಕಣ್ಣು ತೆರೆಯಿರಿ. ಮಾಜಿ ಪೊಲೀಸರಾದರೂ ಹಿನ್ನೆಲೆ ಪರಿಶೀಲನೆ ಬಿಡಬೇಡಿ, ಹುಡುಗಿಯರ ತಂಡ ಇದ್ದರೆ ಮಹಿಳಾ ಕೋಚ್ ಇಲ್ಲದೆ ಶುರು ಮಾಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೋಕ್ಸೋ 19ನೇ ಕಲಂ ಪ್ರಕಾರ ಯಾರೇ ಆಗಲಿ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. "ನಮ್ಮವರೇ, ಒಳಗೇ ಮಾತಾಡಿ ಮುಗಿಸೋಣ" ಅನ್ನುವವರು ಪ್ರತಿ ಸಮಿತಿಯಲ್ಲೂ ಒಬ್ಬರಿರುತ್ತಾರೆ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪೊಲೀಸ್ ಹೆಸರಿದ್ದ ಕೂಡಲೇ ದುಡ್ಡು ಕೊಡಲು ಎಂಥೆಂಥವರೋ ಬರುತ್ತಾರೆ. ನಮಗೆ ಕಬಡ್ಡಿ ಮ್ಯಾಟ್ ಕೊಡ್ತೀನಿ ಅಂತ ಬಂದವರ ಮರಳು ಲಾರಿ ಆಗಿನ್ನೂ ಠಾಣೆ ಮುಂದೆ ನಿಂತಿತ್ತು! ದಫೇದಾರರು ನನ್ನ ಅಂಗಿ ಜಗ್ಗಿ ಪಕ್ಕಕ್ಕೆ ಕರೆದರು. ಆ ಮ್ಯಾಟ್ ತಗೊಳ್ಳಲಿಲ್ಲ. ಹುಡುಗರು ಮಣ್ಣಿನಲ್ಲೇ ಆಡಿದರು, ಮೊಣಕಾಲು ಕೆತ್ತಿಕೊಂಡರು.

ಹಾಗೇ ಹಾಜರಿ ಪುಸ್ತಕ. ಒಂದು ಸಲ ಎಲ್ಲೋ ಬೈಕ್ ಕಳುವಾಗಿ, ಯೂನಿಫಾರ್ಮಿನಲ್ಲಿ ಒಬ್ಬರು ಮೈದಾನಕ್ಕೇ ಬಂದು ಪುಸ್ತಕ ಕೊಡಿ ಅಂದರು. ಕಬಡ್ಡಿಯಲ್ಲಿ ರೈಡ್ ಮಾಡುತ್ತಿದ್ದ ಹುಡುಗ ಕಬಡ್ಡಿ ಅನ್ನೋದನ್ನು ನಿಲ್ಲಿಸಿ ಅಲ್ಲೇ ನಿಂತ. ದಫೇದಾರರು ಅವರನ್ನು ಗೇಟಿನಾಚೆ ಕರೆದುಕೊಂಡು ಹೋಗಿ ಮಾತಾಡಿ ಕಳಿಸಿದರು. ಬಾಲನ್ಯಾಯ ಕಾಯ್ದೆ 107ನೇ ಕಲಂ ಪ್ರಕಾರ ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಎಎಸ್‌ಐಗಿಂತ ಕೆಳಗಿನವರಲ್ಲ. ಮಕ್ಕಳ ಜೊತೆ ಮಾತಾಡುವಾಗ ಆದಷ್ಟು ಮಫ್ತಿಯಲ್ಲಿರಬೇಕು ಅಂತ 2016ರ ಮಾದರಿ ನಿಯಮಗಳಿವೆ. ವಿಚಾರಿಸೋದಿದ್ದರೆ ಅವರು ವಿಚಾರಿಸಲಿ, ಮೈದಾನದಲ್ಲಿ ಮಾತ್ರ ಬೇಡ. ಒಂದು ಸಲ ಆ ಪುಸ್ತಕ ಠಾಣೆಗೆ ಹೋಯಿತೋ, ಮರುದಿನ ಹುಡುಗರು ಬರೋದಿಲ್ಲ. ನಿಮ್ಮ ಪರಿಚಯ ಬೆಳೆಸಬೇಕಾದದ್ದು ಈ ಮಕ್ಕಳ ಕಲ್ಯಾಣ ಅಧಿಕಾರಿಯ ಜೊತೆ, ಎಸ್ಪಿ ಕಚೇರಿಯ ಆಪ್ತ ಸಹಾಯಕರ ಜೊತೆಗಲ್ಲ.

ಅಧ್ಯಕ್ಷರಾಗಿ ಯಾರು ಅಂತ ಇನ್ನೂ ಕೇಳುತ್ತೀರಾ? ಊರಲ್ಲೇ ಇರುವವರು, ವರ್ಗ ಆಗದವರು, ಫೋನ್ ಎತ್ತುವವರು. ರಿಟೈರ್ಡ್ ಹೆಡ್‌ಮಾಸ್ಟರ್ ಆದೀತು, ಡಾಕ್ಟರ್ ಆದೀತು. ನಿಮ್ಮ ನಿವೃತ್ತ ಡಿವೈಎಸ್ಪಿಯವರು ದುರ್ಗದಲ್ಲೇ ನೆಲೆಸಿದ್ದರೆ, ಹುಡುಗರು ಎದ್ದು ಸೆಲ್ಯೂಟ್ ಹೊಡೆಯಲಿಲ್ಲ ಅಂತ ಬೇಜಾರಾಗದಿದ್ದರೆ, ಅವರೂ ಆದೀತು.

ಬೈಲಾ ಕರಡಿನಲ್ಲಿ ಬ್ಯಾಂಕ್ ಸಹಿ, ಸಭೆ ಕರೆಯುವ ಅಧಿಕಾರ, ಪದನಿಮಿತ್ತ ಹುದ್ದೆ, ಈ ಮೂರು ಕಲಂ ಕಾಮೆಂಟಿನಲ್ಲಿ ಹಾಕಿ. ಸಹಿಗೆ ಮೂವರು, ಅವರಲ್ಲಿ ಯಾರಾದರೂ ಇಬ್ಬರು, ಅದರಲ್ಲಿ ಹಾಲಿ ಸರ್ಕಾರಿ ನೌಕರರು ಯಾರೂ ಇಲ್ಲ ಅಂತ ಬರೆಸಿ. ಅಧ್ಯಕ್ಷರಿಲ್ಲದಿದ್ದಾಗ ಉಪಾಧ್ಯಕ್ಷರು ಅಥವಾ ಮೂವರು ಸದಸ್ಯರು ಸಭೆ ಕರೆಯಬಹುದು ಅಂತಲೂ ಸೇರಿಸಿ. ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ ಹಾಕಿದರೆ ನೋಡಿ ಹೇಳುತ್ತೇನೆ. ಸೀಲು ಬಿದ್ದ ಮೇಲೆ ನನ್ನಿಂದ ಆಗೋದು ಕಡಿಮೆ.